ಗುಡಿಯ ಬೀಗದ ಕೈ ಇನ್ನು ಯಾರ ಹತ್ರ ಇರಬೇಕು?

ಹೂಮಳೆ (ಸಕಲೇಶಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಕೇಳಿದರೆ ನಾಲ್ಕು ಜನ ನಾಲ್ಕು ಮಾತು ಹೇಳುತ್ತೀರಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಅರವತ್ತು ಮನೆಯ ಊರು. ಊರ ಮುಂದೆ ಅಮ್ಮನ ಗುಡಿ. ಪೂಜೆ ಮಾಡುತ್ತಿದ್ದ ಅಜ್ಜ ಹೋದ ತಿಂಗಳು ತೀರಿಕೊಂಡರು. ದೊಡ್ಡ ಮಗ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾನೆ. ಚಿಕ್ಕವನದು ಹಾಸನದಲ್ಲಿ ಮೊಬೈಲ್ ಅಂಗಡಿ. ತಿಥಿ ಮುಗಿದ ಮಾರನೇ ದಿನ ದೊಡ್ಡವನು ನಮ್ಮ ಮನೆಗೆ ಬಂದ. ಗುಡಿಯ ಬೀಗದ ಕೈ ನಮ್ಮಪ್ಪನ ಮುಂದಿಟ್ಟು, "ದೊಡ್ಡಪ್ಪ, ನನ್ನಿಂದ ಆಗಲ್ಲ. ಯಾರಾದ್ರೂ ನೋಡ್ಕೊಳ್ಳಿ" ಅಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಆ ಬೀಗದ ಕೈ ಈಗ ನಮ್ಮ ನಡುಮನೆಯಲ್ಲಿ ಕ್ಯಾಲೆಂಡರ್ ಮೊಳೆಗೆ ನೇತಾಡುತ್ತಿದೆ. ಗೇಣುದ್ದದ ಕಬ್ಬಿಣ, ತುದಿಗೊಂದು ಕೆಂಪು ದಾರ. ದಾರ ಎಣ್ಣೆ ಕುಡಿದು ಕಪ್ಪಾಗಿದೆ. ದಿನಾ ಸಂಜೆ ಅಪ್ಪ ಅದನ್ನು ನೋಡುತ್ತಾರೆ, ಸುಮ್ಮನಾಗುತ್ತಾರೆ.

ನಮ್ಮ ಕಡೆಯ ಸುಗ್ಗಿ ಹಬ್ಬ ಗೊತ್ತಲ್ವಾ. ಸಾರು ಹಾಕಿದರು, ಅಂದರೆ ಹಬ್ಬ ಶುರು ಅಂತ ಊರಿಗೆಲ್ಲ ಕೂಗಿ ಹೇಳಿದರು ಅಂದರೆ, ಹಬ್ಬ ಮುಗಿಯುವ ತನಕ ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಚಿಕ್ಕವಳಿದ್ದಾಗ ಒಂದು ಸಲ ಮರೆತು ಹಲಸಿನ ಎಲೆ ಕಿತ್ತುಬಿಟ್ಟಿದ್ದೆ. ಅಮ್ಮ ಬೈಯಲಿಲ್ಲ. ಕೈ ಹಿಡಿದು ಗುಡಿಗೆ ಕರೆದುಕೊಂಡು ಹೋಗಿ ತಪ್ಪು ಕಾಣಿಕೆ ಹಾಕಿಸಿದಳು. ಈಗ ಅರ್ಧ ಮನೆಗಳಲ್ಲಿ ಸಾರು ಕೇಳಿಸಿಕೊಳ್ಳುವುದಕ್ಕೆ ವಯಸ್ಸಾದವರು ಇಬ್ಬರೇ ಇರುತ್ತಾರೆ.

ಹಾಗಂತ ನಂಬಿಕೆ ಕಮ್ಮಿ ಆಯಿತು ಅನ್ನೋಣ ಅಂದರೆ ಹಾಸನಾಂಬೆಯ ಸಾಲು ನೋಡಿ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಅಷ್ಟರಲ್ಲಿ ಲಕ್ಷಗಟ್ಟಲೆ ಜನ. ಮೊದಲು ಹಾಸನದವರ ಹಬ್ಬವಾಗಿತ್ತು, ಈಗ ಇಡೀ ರಾಜ್ಯದ್ದು. ಹೋದ ಸಲ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸೊಸೆ ಕಲ್ಲಿನ ಕತೆ ಹೇಳಿದೆ. ಅದು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ಅಮ್ಮನ ಕಡೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ ಅಂದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾರಾದ್ರೂ ಅಳತೆ ಮಾಡಿ ಬರೆದಿಟ್ಟಿದ್ದಾರಾ ಅಮ್ಮ?" ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಗರ್ಭಗುಡಿ ಮುಂದೆ ಬಂದಾಗ ನಾನು ಹೇಳುವ ಮೊದಲೇ ಅವಳು ಕೈ ಮುಗಿದಿದ್ದಳು.

ಅವಳ ಕಾಲಕ್ಕೆ ಇದೆಲ್ಲ ಏನಾಗುತ್ತದೆ? ದೊಡ್ಡ ದೇವಸ್ಥಾನದಲ್ಲಿ ನೂಕುನುಗ್ಗಲು, ಊರ ಗುಡಿಗೆ ಬೀಗ. ಯಾಕೆ ಹೀಗೆ?

ಕಾಫಿನಾಡು ಹುಡುಗ (ಚಿಕ್ಕಮಗಳೂರು)

ಅಕ್ಕ, ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನು ನಂಬುವವನಲ್ಲ. ಆದರೂ ನಿಮ್ಮ ಪ್ರಶ್ನೆ ನನ್ನದೂ ಹೌದು.

1968ರಲ್ಲಿ ಪೀಟರ್ ಬರ್ಗರ್ ಎಂಬ ಸಮಾಜಶಾಸ್ತ್ರಜ್ಞರು, 21ನೇ ಶತಮಾನದ ಹೊತ್ತಿಗೆ ದೇವರನ್ನು ನಂಬುವವರು ಸಣ್ಣಪುಟ್ಟ ಗುಂಪುಗಳಲ್ಲಿ ಮಾತ್ರ ಉಳಿಯುತ್ತಾರೆ ಅಂದಿದ್ದರು. ಮೂವತ್ತು ವರ್ಷ ಕಳೆದ ಮೇಲೆ ಅವರೇ, ನಾನಂದುಕೊಂಡದ್ದು ತಪ್ಪು ಅಂತ ಒಪ್ಪಿಕೊಂಡರು. ಯುರೋಪಿನಲ್ಲಿ ಅವರ ಮಾತು ಸುಮಾರು ನಿಜವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಶೇ 37.2 ಜನ ನಮಗೆ ಯಾವ ಧರ್ಮವೂ ಇಲ್ಲ ಅಂತ ಬರೆಸಿದ್ದಾರೆ. ನಮ್ಮಲ್ಲಿ 2011ರ ಜನಗಣತಿಯಲ್ಲಿ ಧರ್ಮ ಯಾವುದು ಅಂತ ಹೇಳದವರು ಶೇ 0.24 ಮಾತ್ರ. ಅಮೆರಿಕದ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ 2019-20ರಲ್ಲಿ ಭಾರತದ ಸುಮಾರು 30,000 ಜನರನ್ನು ಮಾತಾಡಿಸಿತ್ತು. ಶೇ 97 ಜನ ದೇವರಿದ್ದಾನೆ ಅಂದರು. ಹಾಗಾಗಿ ನಂಬಿಕೆ ಸಾಯುತ್ತಿದೆ ಅಂತ ನನ್ನಂಥವರು ಹೇಳಿದರೆ ಅದು ನಮ್ಮ ಆಸೆ, ಅಷ್ಟೆ.

ಆದರೆ ಕೆಲವು ಹರಕೆಗಳು ನಿಂತೇ ಹೋಗಿವೆ. ನಮ್ಮ ತೋಟ ಮೂಡಿಗೆರೆ ಕಡೆ, ರೊಬಸ್ಟಾ ಕಾಫಿ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳದಿದ್ದರೆ ಮುಗೀತು, ಆ ವರ್ಷದ ಫಸಲು ಅಷ್ಟಕ್ಕಷ್ಟೆ. ನಮ್ಮಜ್ಜ ಮೋಡ ನೋಡುತ್ತಾ ಅಂಗಳದಲ್ಲೇ ಕೂತಿರುತ್ತಿದ್ದರು. ಮಳೆಗೆ ಅಂತ ಒಂದು ಹರಕೆ ಕಾಯಿ ಯಾವಾಗಲೂ ದೇವರ ಮುಂದೆ ಇರುತ್ತಿತ್ತು. ಈಗ ಸ್ಪ್ರಿಂಕ್ಲರ್ ಇದೆ. ಮೊಗ್ಗು ಹದಕ್ಕೆ ಬಂದಾಗ ಪಂಪ್ ಹಾಕುತ್ತೇವೆ. ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ನಾಸ್ತಿಕರಾಗಲಿಲ್ಲ. ಆ ಕಾಯಿ ಇಡುವುದು ಮಾತ್ರ ನಿಂತಿತು.

ತೋಟದ ಮನೆ (ಆಲ್ದೂರು)

ತಮ್ಮಾ, ಸರಿಯಾಗಿ ಹೇಳಿದೆ. ಆದರೆ ಸ್ಪ್ರಿಂಕ್ಲರಿಗೆ ನೀರು ಕೆರೆಯಿಂದ ಬರಬೇಕು, ಕೆರೆಗೆ ಮಳೆಯಿಂದ. ಕೆರೆ ತಳ ಕಂಡ ವರ್ಷ ಪೈಪು ಏನು ಮಾಡುತ್ತೆ? ಇನ್ನು ಆನೆ. ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಕಳಿಸುವ ಮುಂಚೆ ಬೇಲಿ ಹತ್ರ ಹೋಗಿ ಲದ್ದಿ ಇನ್ನೂ ಬಿಸಿ ಇದೆಯಾ ಅಂತ ನೋಡುತ್ತೇನೆ. ಬಿಸಿ ಇದ್ದರೆ ಅವತ್ತು ಕೆಲಸ ಇಲ್ಲ. ತಣ್ಣಗಿದ್ದರೂ ಒಳಗೆ ಹೋಗುವಾಗ ಬಾಯಲ್ಲಿ ದೇವರ ಹೆಸರು ತಾನಾಗಿ ಬರುತ್ತೆ. ನಮ್ಮಪ್ಪ ಮಳೆಗೆ ಹೆದರುತ್ತಿದ್ದರು, ನಾನು ಆನೆಗೆ ಮತ್ತು ರೇಟಿಗೆ. ಹೆದರಿಕೆ ಜಾಗ ಬದಲಾಯಿಸಿದೆ. ಹರಕೆನೂ ಅದರ ಹಿಂದೆ ಹೋಗಿದೆ.

ನರ್ಸಕ್ಕ (ಹಾಸನ)

ಹೆದರಿಕೆ ಅಂದಿರಲ್ಲ, ನಾನು ಅದರ ಮಧ್ಯೆಯೇ ಕೆಲಸ ಮಾಡುವವಳು. ಇಪ್ಪತ್ತೆರಡು ವರ್ಷ ಆಯಿತು.

ಐಸಿಯುನಲ್ಲಿ ಹಾಸಿಗೆ ಬದಲಾಯಿಸುವಾಗ ದಿಂಬಿನ ಕೆಳಗೆ ಏನಾದರೂ ಸಿಕ್ಕೇ ಸಿಗುತ್ತೆ. ಪೇಪರಿನಲ್ಲಿ ಮಡಚಿದ ಕುಂಕುಮ, ತಾಯಿತ, ಮಾತೆ ಮರಿಯಮ್ಮನ ಪುಟ್ಟ ಪಟ, ಗುಡಿಯ ಒಣಗಿದ ಹೂವು. ನಾವು ಬಿಸಾಡುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ ಮತ್ತೆ ಅಲ್ಲೇ ಇಡುತ್ತೇವೆ. ಇದನ್ನು ನನಗೆ ಕಲಿಸಿದವರು ಒಬ್ಬರು ಹಿರಿಯ ಸಿಸ್ಟರ್. "ಔಷಧಿ ನಮ್ದು, ಇದು ಅವರದ್ದು" ಅನ್ನುತ್ತಿದ್ದರು.

ಒಂದು ರಾತ್ರಿ ಒಬ್ಬ ಹುಡುಗ, ಬೈಕ್ ಆಕ್ಸಿಡೆಂಟ್. ಹೊರಗೆ ಅವನ ತಂದೆ. ಓದಿದವರು, ವಿಜ್ಞಾನ ಪಾಠ ಮಾಡುವವರು. ಪಕ್ಕದ ಬೆಡ್ಡಿನ ಅಜ್ಜಿಯ ಕಡೆಯವರು ತಂದಿದ್ದ ಅಂಗಾರವನ್ನು, "ಸ್ವಲ್ಪ ಕೊಡ್ತೀರಾ" ಅಂತ ಕೇಳಿ ಇಸಕೊಂಡರು. ಯಾವ ದೇವರದ್ದು ಅಂತಲೂ ಕೇಳಲಿಲ್ಲ. ಹುಡುಗ ಉಳಿಯಲಿಲ್ಲ. ಮೂರು ತಿಂಗಳಾದ ಮೇಲೆ ಆ ತಂದೆ ಬಂದು, ಆ ಅಜ್ಜಿಯ ಕಡೆಯವರ ಫೋನ್ ನಂಬರ್ ಇದೆಯಾ ಅಂತ ಕೇಳಿದರು. ಆ ರಾತ್ರಿ ಅವರು ತಮ್ಮ ಜೊತೆ ಕೂತಿದ್ದರಂತೆ. ಥ್ಯಾಂಕ್ಸ್ ಹೇಳಬೇಕಿತ್ತಂತೆ.

ನಂಬಿಕೆ ಕೆಲಸ ಮಾಡಿತಾ ಇಲ್ವಾ ಅಂತ ನಾನು ಹೇಳಲಾರೆ. ಆದರೆ ಒಬ್ಬರೇ ಕೂತು ಅಳುವ ಜನ ಈಗ ಮೊದಲಿಗಿಂತ ಜಾಸ್ತಿ. ಇದನ್ನು ಮಾತ್ರ ಕಣ್ಣಾರೆ ನೋಡುತ್ತಿದ್ದೇನೆ.

ನಿವೃತ್ತ ಮೇಷ್ಟ್ರು (ಬೇಲೂರು)

ಹೂಮಳೆಯವರೇ, ಮನಸ್ಸಿಗೆ ತಟ್ಟುವ ಹಾಗೆ ಬರೆದಿದ್ದೀರಿ. ನಂಬಿಕೆ ಒಂದೇ ರೂಪದಲ್ಲಿ ಬಂದಿದೆ ಅಂತ ಅಂದುಕೊಂಡರೆ ಈಗಿನ ಬದಲಾವಣೆ ದೊಡ್ಡ ಗಂಡಾಂತರದ ಹಾಗೆ ಕಾಣುತ್ತದೆ. ನಮ್ಮ ಜಿಲ್ಲೆಯ ಕಲ್ಲುಗಳು ಬೇರೆಯೇ ಹೇಳುತ್ತವೆ.

ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಒಂದೇ ಅರಮನೆ, ಎರಡು ಧರ್ಮ. ಎಲ್ಲ ಕಾಲದಲ್ಲೂ ಇಷ್ಟು ಸಲೀಸಾಗಿ ನಡೆಯಿತು ಅಂತ ಅಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ ವಿಜಯನಗರದ ಬುಕ್ಕರಾಯನ ತನಕ ಹೋಯಿತು. 1368ರಲ್ಲಿ ಅವನು ಇಬ್ಬರನ್ನೂ ಕರೆಸಿ, ಇವರಿಗೂ ಅವರಿಗೂ ಭೇದ ಮಾಡಬಾರದು ಅಂತ ತೀರ್ಪು ಕೊಟ್ಟ. ಆ ಶಾಸನ ಶ್ರವಣಬೆಳಗೊಳದಲ್ಲಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಬಾಹುಬಲಿಯನ್ನು ನೋಡಿ ಇಳಿದ ಮೇಲೆ ಅದರ ಕತೆ ಹೇಳುತ್ತಿದ್ದೆ. ಬಿಸಿಲಲ್ಲಿ ಸುಸ್ತಾಗಿದ್ದರೂ ಜಗಳದ ಕತೆ ಅಂದರೆ ಮಕ್ಕಳು ಕಿವಿಗೊಟ್ಟು ಕೇಳುತ್ತಿದ್ದರು.

ಇದೇ ಬೇಲೂರಿನಲ್ಲಿ ರಥೋತ್ಸವದ ದಿನ ಕುರಾನ್ ಪಠಣ ಮಾಡುವ ಪದ್ಧತಿ ಬಹಳ ಹಳೆಯದು. 2022ರಲ್ಲಿ ಅದು ಬೇಡ ಅಂತ ದೊಡ್ಡ ಗಲಾಟೆಯಾಯಿತು. ಆ ವರ್ಷ ತೇರಿನ ಮುಂದೆ ನಿಂತು ನನಗೆ ಬಂದ ಸಂಕಟ ಹೇಳತೀರದು. ದೇವಸ್ಥಾನಕ್ಕೆ 2023ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಸಂತೋಷ. ಆದರೆ ಕಲ್ಲನ್ನು ಕಾಪಾಡಿ, ಆ ಕಲ್ಲಿನ ಸುತ್ತ ಜನ ಕಟ್ಟಿಕೊಂಡ ನಡವಳಿಕೆಯನ್ನು ಬಿಟ್ಟರೆ ಏನು ಉಳಿಯಿತು?

ಕೆರೆ ಏರಿ (ಹೊಳೆನರಸೀಪುರ)

ಎಲ್ಲರ ಮಾತೂ ಓದಿದೆ. ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಬುಕ್ಕರಾಯನ ಆ ತೀರ್ಪಿನಿಂದ ನಮ್ಮವರಿಗೆ ಗುಡಿಯ ಬಾಗಿಲು ತೆರೆಯಲಿಲ್ಲ.

ನಮ್ಮ ತಾಲ್ಲೂಕಿನ ಸಿಗರನಹಳ್ಳಿಯ ವಿಷಯ ನೆನಪಿದೆಯಾ? 2015ರಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದ ಒಳಗೆ ಹೋದರು ಅಂತ ದಂಡ ಹಾಕಿದ್ದರು. ಪೇಪರಿನಲ್ಲಿ ಬಂತು, ಅಧಿಕಾರಿಗಳು ಬಂದರು. ಪೇಪರಿಗೆ ಬಾರದ್ದು ಎಷ್ಟೋ.

ನಮ್ಮಪ್ಪ ತಮಟೆ ಬಾರಿಸುತ್ತಿದ್ದರು. ಹಬ್ಬದ ದಿನ ನಮ್ಮ ತಮಟೆ ಕೇಳದೆ ಊರ ದೇವರು ಗುಡಿ ಬಿಟ್ಟು ಹೊರಡುತ್ತಿರಲಿಲ್ಲ. ಹೊಸ ಚರ್ಮ ಕಟ್ಟಿ, ಬೆಳಗಿನ ಜಾವ ಹುಲ್ಲು ಉರಿಸಿ ತಮಟೆ ಕಾಯಿಸುವಾಗ ನಾನು ಪಕ್ಕದಲ್ಲಿ ಕೂತು ಹುಲ್ಲು ಕೊಡುತ್ತಿದ್ದೆ. ಕಾದ ತಮಟೆಗೆ ಅಪ್ಪ ಒಂದು ಸಲ ಬೆರಳಿನಿಂದ ತಟ್ಟಿ ಕಿವಿ ಹತ್ರ ಹಿಡಿದು ಕೇಳುತ್ತಿದ್ದರು. ಆಗ ಅವರ ಮುಖದಲ್ಲಿದ್ದ ಭಕ್ತಿಯನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಅಂಥ ಮನುಷ್ಯ ಎಪ್ಪತ್ತೊಂದು ವರ್ಷ ಬದುಕಿ, ಆ ದೇವರ ಮುಖವನ್ನು ಗುಡಿಯ ಒಳಗೆ ಒಮ್ಮೆಯೂ ನೋಡದೆ ಹೋದರು. ಮೆರವಣಿಗೆಯಲ್ಲಿ ನೋಡಿದ್ದಷ್ಟೆ.

ನಂಬಿಕೆಯ ಭವಿಷ್ಯ ಏನು ಅಂತ ಕೇಳುತ್ತೀರಿ. ನಮ್ಮ ಕೇರಿಯ ಹುಡುಗರಲ್ಲಿ ಕೆಲವರು ಬುದ್ಧನ ಪಟ ಇಟ್ಟುಕೊಂಡಿದ್ದಾರೆ. ಕೆಲವರು ಮನೆಯಲ್ಲೇ ದೇವರ ಪೂಜೆ ಮಾಡುತ್ತಾರೆ. ಕೆಲವರಿಗೆ ಯಾವುದೂ ಬೇಡ. ಊರ ಗುಡಿಯ ಕಡೆ ಯಾರೂ ನೋಡುವುದಿಲ್ಲ. ಅದು ನಮ್ಮದಾಗಿರಲೇ ಇಲ್ಲ.

ಹೂಮಳೆ ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಾತು ಕೇಳುತ್ತೇನೆ. ಪೂಜಾರಿ ಮಗ ಬೇಡ ಅಂದಾಗ ಬೀಗದ ಕೈ ನಿಮ್ಮ ಮನೆಗೆ ಬಂತು. ಕೇರಿಗೆ ಯಾಕೆ ಬರಲಿಲ್ಲ?

ಹೂಮಳೆ (ಸಕಲೇಶಪುರ ತಾಲ್ಲೂಕು)

ಅಣ್ಣ, ಇದನ್ನು ಓದಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಹೊಳೆಯಲಿಲ್ಲ ಅನ್ನುವುದೇ ತಪ್ಪು. ನಮ್ಮೂರಲ್ಲೂ ಕೇರಿಯವರು ಗುಡಿಯ ಮೆಟ್ಟಿಲ ತನಕ ಬರುತ್ತಾರೆ. ಬರಬೇಡಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬನ್ನಿ ಅಂತಲೂ ಹೇಳಿಲ್ಲ. ಅಪ್ಪನ ಹತ್ರ ಮಾತಾಡಿ ಬರೆಯುತ್ತೇನೆ.

ಗಿರಿಯ ದಾರಿ (ಚಿಕ್ಕಮಗಳೂರು)

ನಾನು ಮುಸ್ಲಿಂ. ನಮ್ಮಜ್ಜಿ ಬಾಬಾ ಬುಡನ್‌ಗಿರಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು, ಪಕ್ಕದ ಮನೆಯ ಗೌಡರ ಹೆಂಡತಿಯ ಜೊತೆ ಹೋಗುತ್ತಿದ್ದರು. ಅವರಿಗೆ ದತ್ತಾತ್ರೇಯ, ಇವರಿಗೆ ಬಾಬಾ. ಇಬ್ಬರೂ "ಗಿರಿಗೆ ಹೋಗಿ ಬರ್ತೀವಿ" ಅಂತಲೇ ಹೇಳುತ್ತಿದ್ದರು. ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಬಾಬಾ ಬುಡನ್ ಕತೆಯನ್ನು ನನಗೆ ಮೊದಲು ಹೇಳಿದ್ದು ಆ ಗೌಡಮ್ಮ. ಈಗ ಉರುಸ್ ಬಂದರೂ ದತ್ತ ಜಯಂತಿ ಬಂದರೂ ಊರಿಗೆ ಪೊಲೀಸ್ ವ್ಯಾನು ಬರುತ್ತದೆ. ಕೋರ್ಟು ಕಚೇರಿ ಅಂತ ದಶಕಗಳೇ ಕಳೆದವು.

ನನಗೆ ಒಂದು ವ್ಯತ್ಯಾಸ ಕಾಣುತ್ತದೆ. ಅಜ್ಜಿಗೆ ಬೇಕಾಗಿದ್ದದ್ದು ಬಾಬಾ. ಈಗಿನವರಿಗೆ, ಎರಡೂ ಕಡೆ, ಬೇಕಾಗಿರುವುದು ಜಾಗ. ನಾನು ಐದು ಹೊತ್ತು ನಮಾಜ್ ಮಾಡುವವನು. ನಂಬಿಕೆ ಕಮ್ಮಿಯಾಗುತ್ತದೆ ಅನ್ನುವ ಭಯ ನನಗಿಲ್ಲ. ಗೌಡಮ್ಮನ ಮೊಮ್ಮಗ ಮತ್ತು ನಾನು ಈಗ ಬುತ್ತಿ ಹಂಚಿಕೊಳ್ಳುವುದಿಲ್ಲ. ನನ್ನ ನೋವು ಅದು.

ಹೇಮಾವತಿ ತೀರ (ಹಾಸನ)

ಶೆಟ್ಟಿಹಳ್ಳಿ ಚರ್ಚ್ ನೋಡಿರುತ್ತೀರಿ. ಫೋಟೋದಲ್ಲಾದರೂ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಆದ ಮೇಲೆ ಹೇಮಾವತಿಯ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಪ್ರೀವೆಡ್ಡಿಂಗ್ ಫೋಟೋ ತೆಗೆಸಲು ಬರುವ ಜೋಡಿಗಳಿಗೆ ಅದು ಚಂದದ ಪಾಳು ಕಟ್ಟಡ. ನಮ್ಮಜ್ಜಿಗೆ ಅಲ್ಲಿ ದೀಕ್ಷಾಸ್ನಾನ ಆಗಿತ್ತು.

ಊರು ಬಿಡುವಾಗ ಅಜ್ಜಿ ತಂದದ್ದು ಒಂದು ಟ್ರಂಕು, ಎರಡು ಕೋಳಿ, ಒಂದು ಜಪಸರ. ಹೊಸ ಜಾಗದಲ್ಲಿ ಸಂಜೆ ಆಯಿತು ಅಂದರೆ ಅಕ್ಕಪಕ್ಕದ ಮೂರು ಮನೆಯವರು ನಮ್ಮ ಜಗಲಿಯಲ್ಲಿ ಸೇರಿ ಜಪಸರ ಹೇಳುತ್ತಿದ್ದರು. ಚರ್ಚ್ ಇರಲಿಲ್ಲ, ಗಂಟೆ ಇರಲಿಲ್ಲ. ಅಜ್ಜಿ ತಟ್ಟೆ ಬಡಿದು ಕರೆಯುತ್ತಿದ್ದರು. ಆ ತಟ್ಟೆ ಈಗಲೂ ನಮ್ಮ ಮನೆಯಲ್ಲಿದೆ, ಅಂಚು ತಗ್ಗಾಗಿದೆ. ಹೂಮಳೆಯವರೇ, ಪೂಜಾರಿ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಮೂರು ಮನೆಯವರು ಸೇರುತ್ತಾರಾ ನೋಡಿ.

ಮಲ್ಲೇನಹಳ್ಳಿ ಹುಡುಗಿ

ನಾನು ಚಿಕ್ಕವಳು, ನಿಮ್ಮಷ್ಟು ತಿಳಿದಿಲ್ಲ. ಬೆಂಗಳೂರಲ್ಲಿ ಕೆಲಸ. ದೀಪಾವಳಿಗೆ ಮಾತ್ರ ಎಷ್ಟೇ ಕಷ್ಟವಾದರೂ ಬಂದು ದೇವೀರಮ್ಮನ ಬೆಟ್ಟ ಹತ್ತುತ್ತೇನೆ. ರಾತ್ರಿಯೇ ಹೊರಟು, ಬರಿಗಾಲು. ಮಳೆ ಬಂದಿದ್ದರೆ ಜಾರಿಕೆ, ಹುಲ್ಲು ಹಿಡಿದು ಹತ್ತಬೇಕು. ಕೈಯಲ್ಲಿ ಬೆಂಕಿಗೆ ಹಾಕಲು ಒಂದು ತುಂಡು ಸೌದೆ. ಹಿಂದೆ ತಿರುಗಿ ನೋಡಿದರೆ ಬೆಟ್ಟದ ಬುಡದ ತನಕ ಮೊಬೈಲ್ ಟಾರ್ಚಿನ ಸಾಲು. ಜಾರಿದರೆ ಯಾರೋ ಕೈ ಹಿಡಿಯುತ್ತಾರೆ. ಅವರ ಮುಖ ಕಾಣುವುದಿಲ್ಲ, ಜಾತಿ ಗೊತ್ತಾಗುವುದಿಲ್ಲ. ದೇವರಿದ್ದಾಳಾ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನನಗೆ ಖಚಿತವಾಗಿ ಹೇಳಲು ಬರಲ್ಲ. ಹತ್ತುವಾಗ ಆ ಪ್ರಶ್ನೆ ಬರುವುದೇ ಇಲ್ಲ.

ಕಾಫಿನಾಡು ಹುಡುಗ (ಚಿಕ್ಕಮಗಳೂರು)

ಕೆರೆ ಏರಿ ಅಣ್ಣ ಕೇಳಿದ್ದು ರಾತ್ರಿ ಪೂರ್ತಿ ತಲೆಯಲ್ಲಿತ್ತು. ನನ್ನ ಮಾತು ಸ್ವಲ್ಪ ಬದಲಾಯಿಸಿಕೊಳ್ಳುತ್ತೇನೆ.

ನನಗೆ ಎಚ್. ನರಸಿಂಹಯ್ಯನವರು ದೊಡ್ಡ ಆದರ್ಶ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಅಂದವರು. ಅವರಂಥವರು ಇದ್ದದ್ದರಿಂದಲೇ ನಮ್ಮ ರಾಜ್ಯದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ ಬರುವಷ್ಟು ನೆಲ ಹದವಾಯಿತು ಅಂತ ನನ್ನ ಅನಿಸಿಕೆ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನು ಆ ಕಾಯ್ದೆ ನಿಲ್ಲಿಸಿತು. ಪ್ರದಕ್ಷಿಣೆ, ಯಾತ್ರೆ, ಹರಿಕತೆ ಇವನ್ನು ಮುಟ್ಟಲಿಲ್ಲ. ಮನುಷ್ಯನನ್ನು ಕೀಳು ಮಾಡುವುದು ಬೇಡ, ಉಳಿದದ್ದು ನಿಮ್ಮಿಷ್ಟ ಅಂತ. ನನಗೆ ಅದು ಸರಿ ಅನ್ನಿಸುತ್ತದೆ.

ನಾನು ಇಷ್ಟು ದಿನ ನಂಬಿಕೆ ಇದೆಯಾ ಇಲ್ವಾ ಅಂತ ಮಾತ್ರ ನೋಡುತ್ತಿದ್ದೆ. ಇಲ್ಲಿ ಬರೆದವರಲ್ಲಿ ಹೆಚ್ಚಿನವರು ಅದರ ಬಗ್ಗೆ ಮಾತಾಡಿಲ್ಲ. ಜೊತೆಗೆ ಯಾರಿದ್ದರು, ಯಾರನ್ನು ಹೊರಗೆ ನಿಲ್ಲಿಸಿದರು ಅಂತ ಮಾತಾಡಿದ್ದೀರಿ. ಮೊಬೈಲ್ ಬಂತು, ಓದು ಬಂತು, ಅದರಿಂದ ದೇವರಿಗೆ ಏನೂ ಆಗಿಲ್ಲ. ಸಾಲಿನಲ್ಲಿ ನಿಂತು ದರ್ಶನ ಮಾಡಿ ಬರುವುದಕ್ಕೆ ಅಕ್ಕಪಕ್ಕದವರ ಪರಿಚಯ ಬೇಕಿಲ್ಲ. ಊರ ಗುಡಿ ನಡೆಯಬೇಕಾದರೆ ಬೇಕು. ಒಬ್ಬ ಎಣ್ಣೆ ತರಬೇಕು, ಒಬ್ಬಳು ಸಾರಿಸಬೇಕು, ಒಬ್ಬ ತಮಟೆ ಕಾಯಿಸಬೇಕು. ಅದನ್ನು ನಾವು ಬಿಟ್ಟಿದ್ದೇವೆ.

ಅಕ್ಕ, ನಿಮ್ಮೂರಲ್ಲಿ ಗುಡಿಯ ಲೆಕ್ಕ ಬರೆಯಲು, ಹೆಂಚು ಸರಿ ಮಾಡಲು ಜನ ಬೇಕಾದರೆ ನಾನು ಬರುತ್ತೇನೆ. ಪೂಜೆ ಮಾಡಲಾರೆ. ಹೊರಗೆ ಕೂತು ಕೆಲಸ ಮಾಡಬಲ್ಲೆ.

ನಿವೃತ್ತ ಮೇಷ್ಟ್ರು (ಬೇಲೂರು)

ಕೆರೆ ಏರಿಯವರೇ, ನಿಮ್ಮ ಮಾತು ನಿಜ. ಬುಕ್ಕರಾಯನ ಕತೆಯನ್ನು ಎಷ್ಟೋ ವರ್ಷ ಪಾಠ ಮಾಡಿದೆ. ಯಾರು ಹೊರಗೇ ಉಳಿದರು ಅಂತ ಒಂದು ದಿನವೂ ಮಕ್ಕಳಿಗೆ ಕೇಳಲಿಲ್ಲ. ಕ್ಷಮಿಸಿ.

ಹೂಮಳೆಯವರಿಗೆ ಒಂದು ಮಾಹಿತಿ. ಅರ್ಚಕರಾಗಲು ಒಂದೇ ಜಾತಿಯವರಾಗಿರಬೇಕು ಅಂತಿಲ್ಲ, ಪೂಜೆಯ ವಿಧಿ ಕಲಿತವರು ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಊರಲ್ಲಿ ಯಾರಾದರೂ ಹಾಗೆಲ್ಲ ಮಾಡುವಂತಿಲ್ಲ ಅಂದರೆ ಇದನ್ನು ಹೇಳಿ. ಅಮ್ಮನ ಗುಡಿಗಳಲ್ಲಿ ಅಂತೂ ಮೊದಲಿನಿಂದ ಎಲ್ಲ ಜಾತಿಯ ಪೂಜಾರಿಗಳಿದ್ದಾರೆ.

ಹೂಮಳೆ (ಸಕಲೇಶಪುರ ತಾಲ್ಲೂಕು)

ತಡವಾಗಿ ಬರೆಯುತ್ತಿದ್ದೇನೆ. ಕ್ಷಮಿಸಿ. ಮನೆಯಲ್ಲಿ ನಾಲ್ಕು ದಿನ ಇದೇ ಮಾತು.

ಕೆರೆ ಏರಿ ಅಣ್ಣ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ತಮಟೆ ಕಾಯಿಸುವ ಕಡೆ ಬಂದಾಗ ಅಪ್ಪ "ಇನ್ನೊಂದು ಸಲ ಓದು" ಅಂದರು. ಮಾರನೇ ದಿನ ಬೀಗದ ಕೈ ಜೇಬಿಗೆ ಹಾಕಿಕೊಂಡು ಕೇರಿಗೆ ಹೋದರು. ನನ್ನ ನೆನಪಿನಲ್ಲಿ ಅಪ್ಪ ಕೇರಿಗೆ ಆಳು ಕರೆಯಲು ಹೋಗಿದ್ದಾರೆ, ಕೂತು ಮಾತಾಡಲು ಹೋದದ್ದು ಇದೇ ಮೊದಲು. ಕೇರಿಯವರು ತಕ್ಷಣ ಹೂಂ ಅನ್ನಲಿಲ್ಲ. "ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ಗೌಡ್ರೇ?" ಅಂತ ಕೇಳಿದರು. ಅಪ್ಪ, ನಾನಿರ್ತೀನಿ ಅಂದರಂತೆ. ಅಷ್ಟಕ್ಕೆ ಅವರಿಗೆ ಧೈರ್ಯ ಬರುತ್ತಾ, ಗೊತ್ತಿಲ್ಲ. ಬರದಿದ್ದರೆ ಅದು ಅವರ ತಪ್ಪಲ್ಲ.

ಊರಲ್ಲಿ ವಾರಕ್ಕೊಂದು ಮನೆಯವರು ದೀಪ ಹಚ್ಚುವುದು ಅಂತ ಮಾತಾಗಿದೆ. ಸದ್ಯಕ್ಕೆ ಹದಿನಾಲ್ಕು ಮನೆ ಒಪ್ಪಿದ್ದಾರೆ, ಅದರಲ್ಲಿ ಮೂರು ಕೇರಿಯವು. ಐದು ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಅವರಲ್ಲಿ ನನ್ನ ಸ್ವಂತ ಚಿಕ್ಕಪ್ಪ ಒಬ್ಬರು. ಅಮ್ಮ ಅಳುತ್ತಾಳೆ. ಆದರೆ ಮೊದಲ ವಾರದ ಬತ್ತಿ ಹೊಸೆಯುತ್ತಿರುವವಳೂ ಅವಳೇ. ಬೆಂಗಳೂರಲ್ಲಿರುವ ಪೂಜಾರಿ ಮಗ ಫೋನ್ ಮಾಡಿ, ಹಬ್ಬಕ್ಕೆ ಬಂದು ಅಪ್ಪ ಹೇಳಿಕೊಟ್ಟಿದ್ದ ಪೂಜೆಯ ಕ್ರಮವನ್ನೆಲ್ಲ ತೋರಿಸಿಕೊಡುತ್ತೇನೆ ಅಂದಿದ್ದಾನೆ.

ಈ ಭಾನುವಾರ ಬೆಳಿಗ್ಗೆ ಗುಡಿ ತೊಳೆಯುವ ಕೆಲಸ. ಬರುವವರು ಹೇಳಿ.

ಕಾಫಿನಾಡು ಹುಡುಗ (ಚಿಕ್ಕಮಗಳೂರು)

ನಾನು ಬರುತ್ತೇನೆ. ಏಣಿ ಇದೆಯಾ?

ಕೆರೆ ಏರಿ (ಹೊಳೆನರಸೀಪುರ)

ಅಕ್ಕ, ನಾನೂ ಬರುತ್ತೇನೆ. ಅಪ್ಪನ ತಮಟೆ ತರುವುದಿಲ್ಲ. ಒಳಗೆ ಹೋಗಿ ಅಮ್ಮನ ಮುಖ ನೋಡಿ ಬರುತ್ತೇನೆ.

ಹೂಮಳೆ (ಸಕಲೇಶಪುರ ತಾಲ್ಲೂಕು)

ಬನ್ನಿ ಅಣ್ಣ. ಸಕಲೇಶಪುರದಿಂದ ಬಸ್ ಹತ್ತಿ ಹಾನುಬಾಳಿನಲ್ಲಿ ಇಳಿಯಿರಿ. ಅಪ್ಪ ಜೀಪು ತರುತ್ತಾರೆ. ಏಣಿ ಇದೆ, ಎರಡು ಮೆಟ್ಟಿಲು ಮುರಿದಿದೆ, ಶನಿವಾರ ಸರಿ ಮಾಡಿಸುತ್ತೇವೆ. ತಿಂಡಿ ನಮ್ಮ ಮನೆಯಲ್ಲೇ, ಕಡುಬು ಮಾಡುತ್ತೇವೆ.